ವಿಟಮಿನ್ ಡಿ ಹೆಚ್ಚಿಸಿಕೊಂಡರೆ ರಕ್ತನಾಳ ಶುದ್ಧವಾಗುತ್ತದೆಯೇ?

ಪ್ರಶ್ನೆ: ನನಗೆ 52 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಳಗೇ ಕುಳಿತಿರುವ ಕೆಲಸ. ನನ್ನ ತಂದೆ 58ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 11 ಎಂದು ಬಂತು. ವಾರಕ್ಕೊಂದರಂತೆ ಎಂಟು ವಾರ ತೆಗೆದುಕೊಳ್ಳಲು ವೈದ್ಯರು 60,000 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್) ಮಾತ್ರೆ ಬರೆದುಕೊಟ್ಟರು. ವಿಟಮಿನ್ ಡಿ ಕಡಿಮೆಯಾದರೆ ರಕ್ತನಾಳ ಗಟ್ಟಿಯಾಗುತ್ತದೆ, 70ರ ಹತ್ತಿರ ಇಟ್ಟುಕೊಂಡರೆ ಶುದ್ಧವಾಗಿರುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿ, ಹನ್ನೊಂದು ತಿಂಗಳಿನಿಂದ ನಾನೇ ಮುಂದುವರಿಸಿದ್ದೇನೆ. ಜೊತೆಗೆ ಕ್ಯಾಲ್ಸಿಯಂ ಮಾತ್ರೆಯೂ ಇದೆ. ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಮತ್ತು ಕ್ಲೋರ್ಥಾಲಿಡೋನ್ ಸೇರಿದ ಮಾತ್ರೆ ನುಂಗುತ್ತೇನೆ. ಆದರೂ 146/90 ಇರುತ್ತದೆ. ದಿನಕ್ಕೆ ನಾಲ್ಕೈದು ಸಿಗರೇಟ್ ಸೇದುತ್ತೇನೆ. ಈಗ ಸಂಬಂಧಿಯೊಬ್ಬರು ಈ ಮಾತ್ರೆಗಳಿಂದಲೇ ರಕ್ತನಾಳದಲ್ಲಿ ಸುಣ್ಣ ಕಟ್ಟುತ್ತದೆ ಎನ್ನುತ್ತಿದ್ದಾರೆ. ಯಾವುದು ನಿಜ? 78 ವರ್ಷದ ನನ್ನ ತಾಯಿಗೂ ಇದೇ ಮಾತ್ರೆ ಕೊಡಬಹುದೇ?

ಉತ್ತರ: ವಿವರಣೆಗೆ ಮೊದಲು ಈ ವಾರವೇ ಆಗಬೇಕಾದ ಕೆಲಸವನ್ನು ಹೇಳಿಬಿಡುತ್ತೇನೆ. 60,000 ಐ.ಯು. ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಇಂದೇ ನಿಲ್ಲಿಸಿ. ಬಿ.ಪಿ. ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನಿಮ್ಮ ವೈದ್ಯರನ್ನು ಕಂಡು ರಕ್ತದ ಕ್ಯಾಲ್ಸಿಯಂ, ಅಲ್ಬುಮಿನ್ ಎಂಬ ಪ್ರೋಟೀನ್, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ವಾರಕ್ಕೆ 60,000 ಎಂದರೆ ದಿನಕ್ಕೆ ಸುಮಾರು 8,500 ಐ.ಯು. ವೈದ್ಯರ ನಿಗಾ ಇಲ್ಲದೆ ವಯಸ್ಕರು ದೀರ್ಘಕಾಲ ತೆಗೆದುಕೊಳ್ಳಬಹುದಾದ ಗರಿಷ್ಠ ಪ್ರಮಾಣ ದಿನಕ್ಕೆ 4,000 ಐ.ಯು. ಎಂದು ಅಮೆರಿಕದ ವೈದ್ಯಕೀಯ ಅಕಾಡೆಮಿ ನಿಗದಿಪಡಿಸಿದೆ. ನೀವು ಅದರ ಎರಡು ಪಟ್ಟಿಗಿಂತ ಹೆಚ್ಚನ್ನು ಹನ್ನೊಂದು ತಿಂಗಳು ತೆಗೆದುಕೊಂಡಿದ್ದೀರಿ. ಅದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ನೀವು ಬರೆದ ಕ್ಲೋರ್ಥಾಲಿಡೋನ್ ಎಂಬ ಹೆಸರು. ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕಿ ಬಿ.ಪಿ. ಇಳಿಸುವ ಒಳ್ಳೆಯ ಔಷಧಿ ಅದು. ಆದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೊರಹೋಗುವುದನ್ನು ಅದು ತಡೆಯುತ್ತದೆ. ವಿಟಮಿನ್ ಡಿ ಕರುಳಿನಿಂದ ಕ್ಯಾಲ್ಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ, ಮಾತ್ರೆಯ ಮೂಲಕ ಇನ್ನಷ್ಟು ಕ್ಯಾಲ್ಸಿಯಂ ಸೇರುತ್ತದೆ, ಹೊರಹೋಗುವ ದಾರಿ ಕಿರಿದಾಗಿರುತ್ತದೆ. ಈ ಮೂರೂ ಕೂಡಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಕಾರಣವಿಲ್ಲದ ಸುಸ್ತು, ಮಂಕುತನ ಇವುಗಳಲ್ಲಿ ಯಾವುದಾದರೂ ಇದ್ದರೆ ಪರೀಕ್ಷೆಯನ್ನು ನಾಳೆಗೆ ಮುಂದೂಡಬೇಡಿ.

ಗಾಬರಿಪಡಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮಂತೆ ತೆಗೆದುಕೊಂಡವರಲ್ಲಿ ಬಹುಪಾಲು ಜನರಿಗೆ ವಿಷಬಾಧೆ ಆಗುವುದಿಲ್ಲ. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ರಕ್ತದಲ್ಲಿನ ಮಟ್ಟ ಮಿಲಿಲೀಟರ್‌ಗೆ 150 ನ್ಯಾನೋಗ್ರಾಂ ದಾಟಿದಾಗ (ನಿಮ್ಮ 11, ವಿಡಿಯೊದ 70 ಕೂಡ ಇದೇ ಅಳತೆಯವು). ಆದರೆ ನಿಮ್ಮ ಔಷಧಿಗಳ ಜೋಡಣೆಯಲ್ಲಿ ಅಂದಾಜಿನ ಮೇಲೆ ನಡೆಯುವುದು ಸರಿಯಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವಿಡಿಯೊದ ಮಾತಿನಲ್ಲಿಯೂ ಸಂಬಂಧಿಯ ಮಾತಿನಲ್ಲಿಯೂ ಒಂದೊಂದು ತುಣುಕು ಸತ್ಯವಿದೆ. ಇಬ್ಬರೂ ಆ ತುಣುಕನ್ನು ಹಿಡಿದು ದೂರ ಹೋಗಿದ್ದಾರೆ.

ರಕ್ತನಾಳವೆಂದರೆ ನೀರಿನ ಪೈಪಿನಂತೆ ಸುಮ್ಮನೆ ಬಿದ್ದಿರುವ ಕೊಳವೆ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ; ಅದಕ್ಕೆ ಎಂಡೋಥೀಲಿಯಂ ಎನ್ನುತ್ತಾರೆ. ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಆ ಅನಿಲ ತಗುಲಿದೊಡನೆ ಸುತ್ತಲಿನ ಸ್ನಾಯು ಸಡಿಲವಾಗಿ ನಾಳ ಅಗಲವಾಗುತ್ತದೆ. ಒಳಪದರ ಕೆಟ್ಟರೆ ನಾಳ ಬಿಗಿಯುತ್ತದೆ, ಕೊಬ್ಬು ಗೋಡೆಯೊಳಗೆ ನುಸುಳುತ್ತದೆ, ಉರಿಯೂತ ಶುರುವಾಗುತ್ತದೆ. ಹೃದಯಾಘಾತದ ಮೂಲ ಇರುವುದು ಇಲ್ಲಿ.

ವಿಟಮಿನ್ ಡಿ ಈ ಕಥೆಯೊಳಗೆ ಬರುವುದು ಹಾರ್ಮೋನಿನ ರೂಪದಲ್ಲಿ. ಚರ್ಮದಲ್ಲಿ ಬಿಸಿಲಿನಿಂದ ತಯಾರಾದ ಅಥವಾ ಮಾತ್ರೆಯಿಂದ ಬಂದ ವಿಟಮಿನ್ ಯಕೃತ್ತಿನಲ್ಲಿ ಒಂದು ಬದಲಾವಣೆ ಹೊಂದುತ್ತದೆ. ಪ್ರಯೋಗಾಲಯದವರು ಅಳೆದು 11 ಎಂದು ಬರೆದದ್ದು ಈ ರೂಪವನ್ನು. ಅದು ಮೂತ್ರಪಿಂಡದಲ್ಲಿ ಮತ್ತೊಂದು ಬದಲಾವಣೆ ಹೊಂದಿದಾಗ ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ಹಾರ್ಮೋನ್ ಆಗುತ್ತದೆ. ಈ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಮೂಳೆ, ಕರುಳುಗಳಲ್ಲಿ ಮಾತ್ರವಲ್ಲ, ರಕ್ತನಾಳದ ಒಳಪದರದಲ್ಲಿ, ಅದರ ಸುತ್ತಲಿನ ಸ್ನಾಯುವಿನಲ್ಲಿ, ಉರಿಯೂತ ಉಂಟುಮಾಡುವ ಬಿಳಿ ರಕ್ತಕಣಗಳಲ್ಲಿ ಕೂಡ ಇವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಒಳಪದರದ ಕೋಶಗಳಿಗೆ ಕ್ಯಾಲ್ಸಿಟ್ರಿಯಾಲ್ ಕೊಟ್ಟರೆ ನೈಟ್ರಿಕ್ ಆಕ್ಸೈಡ್ ಉತ್ಪಾದನೆ ಹೆಚ್ಚುತ್ತದೆ. 2002ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ಇನ್ನೂ ಕುತೂಹಲಕರವಾಗಿತ್ತು. ವಿಟಮಿನ್ ಡಿ ಗ್ರಾಹಕವೇ ಇಲ್ಲದಂತೆ ಮಾಡಿದ ಇಲಿಗಳಲ್ಲಿ ರೆನಿನ್ ಬಹಳ ಏರಿತು, ರಕ್ತದೊತ್ತಡವೂ ಏರಿತು. ರೆನಿನ್ ಮೂತ್ರಪಿಂಡದಿಂದ ಹೊರಟು ನಾಳಗಳನ್ನು ಬಿಗಿಗೊಳಿಸುವ ಸರಣಿಯ ಮೊದಲ ಕೊಂಡಿ. ನೀವು ನುಂಗುವ ಟೆಲ್ಮಿಸಾರ್ಟಾನ್ ಕೆಲಸ ಮಾಡುವುದು ಅದೇ ಸರಣಿಯ ಕೊನೆಯ ತುದಿಯಲ್ಲಿ. ಇನ್ನೊಂದು ದಾರಿಯೂ ಇದೆ: ವಿಟಮಿನ್ ಡಿ ತೀರಾ ಇಳಿದಾಗ ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರುತ್ತದೆ, ಅದು ಹೆಚ್ಚಿರುವವರಲ್ಲಿ ರಕ್ತದೊತ್ತಡವೂ ಹೆಚ್ಚಿರುವುದು ಕಂಡುಬಂದಿದೆ.

ಇಷ್ಟೆಲ್ಲ ತಿಳಿದ ಮೇಲೆ ವಿಜ್ಞಾನಿಗಳು ಉತ್ಸಾಹಗೊಂಡದ್ದು ಸಹಜ. 2008ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಫಲಿತಾಂಶ ಬಂದಾಗ ಆ ಉತ್ಸಾಹಕ್ಕೆ ರೆಕ್ಕೆ ಬಂತು. ಹೃದ್ರೋಗವಿಲ್ಲದ 1,739 ಜನರನ್ನು ಸರಾಸರಿ ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ವಿಟಮಿನ್ ಡಿ ಮಟ್ಟ 15ಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆ ಉಳಿದವರಿಗಿಂತ ಸುಮಾರು ಶೇಕಡ 60ರಷ್ಟು ಹೆಚ್ಚಿತ್ತು. ನೀವು ನೋಡಿದ ವಿಡಿಯೊದಂಥವು ಇಂದಿಗೂ ನಿಂತಿರುವುದು ಇಂಥ ಅಧ್ಯಯನಗಳ ಮೇಲೆ.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ವಿಟಮಿನ್ ಡಿ ಕಡಿಮೆ ಇರುವವರು ಯಾರು? ದಿನವಿಡೀ ಒಳಗೆ ಕುಳಿತು ದುಡಿಯುವವರು, ಓಡಾಟವಿಲ್ಲದವರು, ತೂಕ ಹೆಚ್ಚಿರುವವರು, ದೀರ್ಘಕಾಲದ ಕಾಯಿಲೆಯಿಂದ ಮನೆಯಲ್ಲೇ ಇರುವವರು, ವಯಸ್ಸಾದವರು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ದೇಹದಲ್ಲಿ ಕೊಬ್ಬು ಹೆಚ್ಚಿದ್ದರೆ ರಕ್ತದಲ್ಲಿನ ಮಟ್ಟ ಇಳಿಯುತ್ತದೆ. ದೇಹದಲ್ಲಿ ಉರಿಯೂತ ಇದ್ದಾಗಲೂ ಮಟ್ಟ ಇಳಿಯುತ್ತದೆ. ಇವರೆಲ್ಲರಿಗೂ ಹೃದ್ರೋಗದ ಅಪಾಯ ಹೇಗೂ ಹೆಚ್ಚೇ. ಊರಿನಲ್ಲಿ ಛತ್ರಿಗಳು ಹೆಚ್ಚು ಕಾಣುವ ದಿನ ಮಳೆಯೂ ಇರುತ್ತದೆ, ಛತ್ರಿಗಳನ್ನು ಮಡಚಿಸಿದರೆ ಮಳೆ ನಿಲ್ಲುವುದಿಲ್ಲ. ಜೊತೆಜೊತೆಗೆ ಕಾಣುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೇ ಎಂದು ತಿಳಿಯಲು ಒಂದೇ ಪ್ರಾಮಾಣಿಕ ದಾರಿ: ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಖಾಲಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯುವುದು.

ಆ ಕೆಲಸವೂ ಆಗಿದೆ, ಒಂದಲ್ಲ ಹಲವು ಕಡೆ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರಿದ್ದರು. ದಿನಕ್ಕೆ 2,000 ಐ.ಯು. ವಿಟಮಿನ್ ಡಿ, ಐದು ವರ್ಷಕ್ಕೂ ಹೆಚ್ಚು ಕಾಲ. 2018ರ ಕೊನೆಯಲ್ಲಿ ಫಲಿತಾಂಶ ಬಂದಾಗ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಲೆಕ್ಕ ಹಾಕಿದರೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನ್ಯೂಜಿಲೆಂಡ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ತಿಂಗಳಿಗೆ ಒಂದು ಲಕ್ಷ ಐ.ಯು. ಕೊಟ್ಟು ನೋಡಿದರು; 2017ರಲ್ಲಿ ಅಲ್ಲಿಂದ ಬಂದ ಉತ್ತರವೂ ಅದೇ. ರಕ್ತದೊತ್ತಡವನ್ನೇ ಗುರಿಯಾಗಿಟ್ಟುಕೊಂಡ ಡೇಲೈಟ್ ಎಂಬ ಪ್ರಯೋಗ ನಿಮಗೆ ಹೆಚ್ಚು ಹತ್ತಿರದ್ದು. ವಿಟಮಿನ್ ಡಿ ಕಡಿಮೆ ಇದ್ದು ಬಿ.ಪಿ. ಸ್ವಲ್ಪ ಏರಿದ್ದ, 50 ವರ್ಷದೊಳಗಿನ 534 ಜನರಲ್ಲಿ ಕೆಲವರಿಗೆ ದಿನಕ್ಕೆ 4,000, ಇನ್ನು ಕೆಲವರಿಗೆ ಬರೀ 400 ಐ.ಯು. ಕೊಟ್ಟರು. ಆರು ತಿಂಗಳ ನಂತರ ಹೆಚ್ಚು ಪ್ರಮಾಣ ಪಡೆದವರ ಬಿ.ಪಿ. ಉಳಿದವರಿಗಿಂತ ಇಳಿದಿರಲಿಲ್ಲ. ಇಂಥ 21 ಪ್ರಯೋಗಗಳ 83,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗಲೂ ಹೃದಯಕ್ಕೆ ಲಾಭ ಕಾಣಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಫಲಿತಾಂಶವನ್ನು ಮುಚ್ಚಿಡುವುದು ನ್ಯಾಯವಲ್ಲ. ಆಸ್ಟ್ರೇಲಿಯಾದಲ್ಲಿ 60 ದಾಟಿದ 21,000ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ತಿಂಗಳಿಗೊಮ್ಮೆ 60,000 ಐ.ಯು. ಕೊಟ್ಟ ಡಿ-ಹೆಲ್ತ್ ಪ್ರಯೋಗದ ವರದಿ 2023ರಲ್ಲಿ ಬಂತು. ಅಲ್ಲಿ ವಿಟಮಿನ್ ಪಡೆದ ಗುಂಪಿನಲ್ಲಿ ಹೃದಯದ ದೊಡ್ಡ ತೊಂದರೆಗಳು ಸಾವಿರ ಜನರಿಗೆ ಸುಮಾರು ಆರರಷ್ಟು ಕಡಿಮೆ ಇದ್ದವು. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಅದು ಆಕಸ್ಮಿಕವಾಗಿರುವ ಸಾಧ್ಯತೆಯನ್ನು ಅಂಕಿಅಂಶಗಳು ಪೂರ್ತಿ ತಳ್ಳಿಹಾಕುವುದಿಲ್ಲ. ಇನ್ನೊಂದು ಮಾತು: ಅಲ್ಲಿ ಕೊಟ್ಟದ್ದು ತಿಂಗಳಿಗೆ 60,000. ನೀವು ತೆಗೆದುಕೊಂಡದ್ದು ವಾರಕ್ಕೆ.

ನೀವು ಬುದ್ಧಿವಂತಿಕೆಯಿಂದ ಕೇಳಬಹುದಾದ ಒಂದು ಆಕ್ಷೇಪಣೆ ಇದೆ. ಈ ಪ್ರಯೋಗಗಳಲ್ಲಿದ್ದ ಹೆಚ್ಚಿನವರಿಗೆ ವಿಟಮಿನ್ ಡಿ ಕೊರತೆಯೇ ಇರಲಿಲ್ಲವಲ್ಲ, ಕೊಟ್ಟರೇನು ಬಿಟ್ಟರೇನು? ಸರಿಯಾದ ಮಾತು. ವೈಟಲ್‌ನಲ್ಲಿ ಆರಂಭದ ಸರಾಸರಿ ಮಟ್ಟವೇ 30ರ ಆಸುಪಾಸಿನಲ್ಲಿತ್ತು. ಆದರೂ 20ಕ್ಕಿಂತ ಕಡಿಮೆ ಇದ್ದವರನ್ನು ಬೇರೆಯಾಗಿ ನೋಡಿದಾಗ ಅವರಿಗೂ ಹೃದಯದ ವಿಷಯದಲ್ಲಿ ಲಾಭ ಕಾಣಲಿಲ್ಲ. ನ್ಯೂಜಿಲೆಂಡ್‌ನಲ್ಲಿಯೂ ಹಾಗೆಯೇ. ತೀರಾ ಕಡಿಮೆ, ಅಂದರೆ 10ರ ಕೆಳಗೆ ಇರುವವರನ್ನು ಐದು ವರ್ಷ ಚಿಕಿತ್ಸೆಯಿಲ್ಲದೆ ಬಿಟ್ಟು ನೋಡುವುದು ಧರ್ಮವಲ್ಲ, ಆದ್ದರಿಂದ ಅಂಥ ಪ್ರಯೋಗ ನಡೆಯುವುದೂ ಇಲ್ಲ. ಅಷ್ಟು ತೀವ್ರ ಕೊರತೆ ಹೃದಯವನ್ನು ಕೆಡಿಸಬಲ್ಲದು ಎಂಬುದಕ್ಕೆ ಮಕ್ಕಳ ವಾರ್ಡುಗಳಲ್ಲಿ ಸಾಕ್ಷಿ ಸಿಗುತ್ತದೆ. ತಾಯಿಗೂ ಕೊರತೆ, ಎದೆಹಾಲು ಕುಡಿಯುವ ಕೂಸಿಗೂ ಕೊರತೆ ಇದ್ದಾಗ ಮಗುವಿನ ರಕ್ತದ ಕ್ಯಾಲ್ಸಿಯಂ ಕುಸಿದು, ಹೃದಯ ಉಬ್ಬಿ, ಬಲಹೀನವಾಗಿ ಬರುವುದುಂಟು. ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರೆ ಅಂಥ ಹೃದಯ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ 11 ಅನ್ನು ಸರಿಪಡಿಸಲು ನಿಮ್ಮ ವೈದ್ಯರು ಎಂಟು ವಾರದ ಔಷಧಿ ಬರೆದದ್ದು ಯೋಗ್ಯವೇ ಆಗಿತ್ತು. ಮೂಳೆಗೂ ಸ್ನಾಯುವಿಗೂ ಅದು ಬೇಕಿತ್ತು. ಒಂಬತ್ತನೆಯ ವಾರದಿಂದ ಮುಂದಿನದ್ದು ಮಾತ್ರ ಬೇಕಿರಲಿಲ್ಲ.

ಹಾಗಾದರೆ ಸಂಬಂಧಿಯ ಮಾತು? ರಕ್ತನಾಳದಲ್ಲಿ ಸುಣ್ಣ ಕಟ್ಟುವುದು ನಿಜವಾದ ರೋಗಲಕ್ಷಣ. ಗೋಡೆಗೆ ಸುಣ್ಣ ತನ್ನಷ್ಟಕ್ಕೆ ಅಂಟಿಕೊಳ್ಳುವುದಿಲ್ಲ. ರಕ್ತನಾಳದ ಸ್ನಾಯು ಕೋಶಗಳೇ ತಮ್ಮ ಸ್ವಭಾವ ಬದಲಿಸಿಕೊಂಡು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ. ಮಧುಮೇಹ, ಧೂಮಪಾನ, ಮೂತ್ರಪಿಂಡದ ವೈಫಲ್ಯ, ರಕ್ತದಲ್ಲಿ ಏರಿದ ರಂಜಕ ಮತ್ತು ಕ್ಯಾಲ್ಸಿಯಂ ಇದಕ್ಕೆ ಕುಮ್ಮಕ್ಕು ಕೊಡುತ್ತವೆ. ಅತಿಯಾದ ವಿಟಮಿನ್ ಡಿ ಈ ಪಟ್ಟಿಗೆ ಸೇರುತ್ತದೆ. ಅಪಧಮನಿ ಗಟ್ಟಿಯಾಗುವುದನ್ನು ಅಧ್ಯಯನ ಮಾಡಲು ಪ್ರಯೋಗಾಲಯದಲ್ಲಿ ಬಳಸುವ ಒಂದು ಹಳೆಯ ವಿಧಾನವೇ ಇಲಿಗಳಿಗೆ ಭಾರೀ ಪ್ರಮಾಣದ ವಿಟಮಿನ್ ಡಿ ಮತ್ತು ನಿಕೋಟಿನ್ ಒಟ್ಟಿಗೆ ಕೊಡುವುದು. ಆ ಇಲಿಗಳ ಮಹಾಪಧಮನಿಯಲ್ಲಿ ಕ್ಯಾಲ್ಸಿಯಂ ಶೇಖರವಾಗುತ್ತದೆ. ಅಲ್ಲಿನ ಪ್ರಮಾಣಕ್ಕೂ ನಿಮ್ಮದಕ್ಕೂ ಹೋಲಿಕೆಯಿಲ್ಲ, ಆದ್ದರಿಂದ ನಿಮ್ಮ ನಾಳಗಳಿಗೂ ಹಾಗೆಯೇ ಆಗಿದೆ ಎಂದು ಭಾವಿಸಬೇಡಿ. ಸಾಮಾನ್ಯ ಪ್ರಮಾಣದಲ್ಲಿ ವಿಟಮಿನ್ ಡಿ ಪಡೆದ ಸಾವಿರಾರು ಜನರಲ್ಲಿ ಹೃದ್ರೋಗ ಇಳಿಯಲಿಲ್ಲ ಎಂದೆನಲ್ಲ, ಏರಲೂ ಇಲ್ಲ. ಭಯಪಡಬೇಕಾದದ್ದು ಅತಿಪ್ರಮಾಣಕ್ಕೆ ಮತ್ತು ತಪಾಸಣೆಯಿಲ್ಲದ ಬಳಕೆಗೆ. ನಾಳ ಮೆದುವಾಗಲೆಂದು ನುಂಗಿದ್ದೇ ಮಿತಿ ಮೀರಿದರೆ ನಾಳವನ್ನು ಗಟ್ಟಿಮಾಡುವ ಕಡೆಗೆ ತಿರುಗುತ್ತದೆ ಎಂಬುದನ್ನು ಆ ವಿಡಿಯೊ ಮಾಡಿದವರು ಹೇಳಬೇಕಿತ್ತು.

70 ಎಂಬ ಗುರಿಗೆ ಯಾವ ಆಧಾರವೂ ಇಲ್ಲ. ಬಹುಪಾಲು ಆರೋಗ್ಯವಂತರ ಮೂಳೆಗೆ 20 ಸಾಕು ಎಂದು ಅಮೆರಿಕದ ವೈದ್ಯಕೀಯ ಅಕಾಡೆಮಿ 2010ರಲ್ಲಿಯೇ ಹೇಳಿತ್ತು. ಅಲ್ಲಿನ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2011ರಲ್ಲಿ 30 ಬೇಕು ಎಂದಿತು. 20ರಿಂದ 30ರ ನಡುವೆ ಇರುವವರನ್ನೂ ಪ್ರಯೋಗಾಲಯದ ವರದಿಗಳು ‘ಸಾಲದು’ ಎಂದು ಗುರುತಿಸತೊಡಗಿದ್ದು, ಲಕ್ಷಾಂತರ ಆರೋಗ್ಯವಂತರು ಕೊರತೆಯವರಾದದ್ದು ಹೀಗೆ. ಅದೇ ಸೊಸೈಟಿ 2024ರ ಹೊಸ ಮಾರ್ಗಸೂಚಿಯಲ್ಲಿ 30ರ ಗುರಿಯನ್ನು ಕೈಬಿಟ್ಟಿದೆ. ಬೇರೆ ಕಾರಣವಿಲ್ಲದ ಆರೋಗ್ಯವಂತ ವಯಸ್ಕರಿಗೆ ವಿಟಮಿನ್ ಡಿ ಪರೀಕ್ಷೆಯನ್ನೇ ಮಾಡಿಸಬೇಕಿಲ್ಲ ಎಂದಿದೆ. ನಮ್ಮ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ್ದು ದಿನಕ್ಕೆ 600 ಐ.ಯು. ನಿಮ್ಮ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದ್ದರೆ ಕೆಲವು ತಿಂಗಳು ಏನೂ ತೆಗೆದುಕೊಳ್ಳಬೇಕಿಲ್ಲ. ಕೊಬ್ಬಿನಲ್ಲಿ ಶೇಖರವಾದದ್ದು ನಿಧಾನವಾಗಿ ಹೊರಬರುತ್ತಿರುತ್ತದೆ. ಆಮೇಲೆ ಬೇಕಾದರೆ ಸಣ್ಣ ಪ್ರಮಾಣವನ್ನು ವೈದ್ಯರು ಸೂಚಿಸುತ್ತಾರೆ.

ಬಿಸಿಲಿನ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬೆಳಗಿನ ಎಳೆಬಿಸಿಲಿನಲ್ಲಿ ನಿಂತರೆ ವಿಟಮಿನ್ ಡಿ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೆ ಬೇಕಾದ ಅತಿನೇರಳೆ ಬಿ ಕಿರಣಗಳು ಸೂರ್ಯ ಮೇಲೇರಿದಾಗಲೇ ನೆಲ ಮುಟ್ಟುವುದು. ದಾವಣಗೆರೆಯಿಂದ ಅಕ್ಷಾಂಶದಲ್ಲಿ ಹೆಚ್ಚು ದೂರವಿಲ್ಲದ ತಿರುಪತಿಯಲ್ಲಿ ನಡೆದ ಅಧ್ಯಯನಗಳು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಫಲಕಾರಿ ಎಂದು ತೋರಿಸಿವೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಎಂದು ನೆನಪಿಟ್ಟುಕೊಳ್ಳಿ. ಅಂಗಡಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಊಟಕ್ಕೆ ಮನೆಗೆ ಹೋಗುವ ಹೊತ್ತಿನಲ್ಲಿ ತೋಳು, ಕಾಲು ತೆರೆದು ಚರ್ಮ ಸುಡದಷ್ಟು ಹೊತ್ತು ಬಿಸಿಲಿನಲ್ಲಿ ನಡೆದರೆ ಒಳ್ಳೆಯದು. ಇಲ್ಲಿ ಒಂದು ಸ್ವಾರಸ್ಯವಿದೆ. ಬಿಸಿಲಿನ ಅತಿನೇರಳೆ ಎ ಕಿರಣಗಳು ಚರ್ಮದಲ್ಲಿ ಕೂಡಿಟ್ಟ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳಗಳನ್ನು ಸಡಿಲಿಸುತ್ತವೆ ಎಂದು ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ತೋರಿಸಿತು. ಅದರಲ್ಲಿ ವಿಟಮಿನ್ ಡಿ ಪಾತ್ರವೇ ಇರಲಿಲ್ಲ. ಬಯಲಿನಲ್ಲಿ ಓಡಾಡುವವರ ರಕ್ತನಾಳ ಚೆನ್ನಾಗಿರುವುದಕ್ಕೆ ವಿಟಮಿನ್ ಡಿ ಒಂದೇ ಕಾರಣ ಅಲ್ಲದಿರಬಹುದು ಎಂದು ಯೋಚಿಸಲು ಇದು ಇನ್ನೊಂದು ಕಾರಣ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ರಾಚಿದ ಎರಡು ಸಾಲುಗಳಿಗೆ ಬರುತ್ತೇನೆ: 146/90 ಮತ್ತು ನಾಲ್ಕೈದು ಸಿಗರೇಟ್. ನಿಮ್ಮ ತಂದೆಯವರಿಗೆ ಆದದ್ದು ನಿಮಗೆ ಆಗಬಾರದು ಎಂಬ ಕಾಳಜಿಯಿಂದಲೇ ನೀವು ಹನ್ನೊಂದು ತಿಂಗಳು ಶಿಸ್ತಿನಿಂದ ಮಾತ್ರೆ ನುಂಗಿದಿರಿ. ಅದೇ ಶಿಸ್ತನ್ನು ಇಲ್ಲಿ ಹಾಕಿ ಎಂದು ಕೈಮುಗಿದು ಕೇಳುತ್ತೇನೆ. ಮೇಲಿನ ರಕ್ತದೊತ್ತಡ 10ರಷ್ಟು ಇಳಿದರೆ ಹೃದಯ, ರಕ್ತನಾಳಗಳ ದೊಡ್ಡ ತೊಂದರೆಗಳು ಸುಮಾರು ಶೇಕಡ 20ರಷ್ಟು ಇಳಿಯುತ್ತವೆ. ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಡೆಸಿಲೀಟರ್‌ಗೆ ಸುಮಾರು 39 ಮಿಲಿಗ್ರಾಂ ಇಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಲಾಭ. ವಿಟಮಿನ್ ಡಿ ಬಗ್ಗೆ ನಡೆದ ಯಾವ ಪ್ರಯೋಗವೂ ಇದರ ಹತ್ತಿರಕ್ಕೆ ಬರಲಿಲ್ಲ. ನಾಲ್ಕೈದೇ ತಾನೆ ಎಂದು ಸಿಗರೇಟನ್ನು ಲಘುವಾಗಿ ಕಾಣಬೇಡಿ. ದಿನಕ್ಕೆ ಒಂದು ಸೇದಿದರೂ ಹೃದ್ರೋಗದ ಅಪಾಯ ಗಣನೀಯವಾಗಿ ಏರುತ್ತದೆ, ಇಪ್ಪತ್ತನ್ನು ಐದಕ್ಕೆ ಇಳಿಸಿದವರಿಗೆ ಅಪಾಯ ನಾಲ್ಕನೇ ಒಂದಕ್ಕೆ ಇಳಿಯುವುದಿಲ್ಲ. ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡನ್ನು ಹಾಳುಮಾಡುವುದರಲ್ಲಿ ಸಿಗರೇಟಿನ ಹೊಗೆಗೆ ಸರಿಸಾಟಿ ಕಡಿಮೆ. ಮುಂದಿನ ಭೇಟಿಯಲ್ಲಿ ಎಲ್.ಡಿ.ಎಲ್. ಮತ್ತು ಮೂರು ತಿಂಗಳ ಸಕ್ಕರೆಯ ಪರೀಕ್ಷೆ ಎರಡನ್ನೂ ಮಾಡಿಸಿ, ಬಿ.ಪಿ.ಯನ್ನು 130/80ರ ಕೆಳಗೆ ತರಲು ಔಷಧಿ ಹೊಂದಿಸಲು ಕೇಳಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಇವೂ ಆ ಲೆಕ್ಕದೊಳಗೇ ಬರುತ್ತವೆ.

ಕೊನೆಯದಾಗಿ ನಿಮ್ಮ ತಾಯಿಯವರ ವಿಷಯ. ಅವರಿಗೆ ನಿಮ್ಮ ಮಾತ್ರೆ ಕೊಡಬೇಡಿ. 75 ದಾಟಿದವರಿಗೆ ವಿಟಮಿನ್ ಡಿ ಕೊಡುವುದು ಒಳ್ಳೆಯದು ಎಂದು 2024ರ ಮಾರ್ಗಸೂಚಿ ಹೇಳುತ್ತದೆ. ಆದರೆ ಅದು ದಿನಕ್ಕೆ 800ರಿಂದ 1,000 ಐ.ಯು. ಆಸುಪಾಸಿನ ಸಣ್ಣ ಪ್ರಮಾಣವಾಗಿರಬೇಕು, ದೊಡ್ಡ ಪ್ರಮಾಣವನ್ನು ಅಪರೂಪಕ್ಕೊಮ್ಮೆ ನುಂಗಿಸುವುದಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಐ.ಯು. ಕೊಟ್ಟು ನೋಡಿದಾಗ, ಅವರು ಬೀಳುವುದೂ ಮೂಳೆ ಮುರಿದುಕೊಳ್ಳುವುದೂ ಉಳಿದವರಿಗಿಂತ ಹೆಚ್ಚಾಯಿತು. ಆರಂಭಿಸುವ ಮೊದಲು ತಾಯಿಯವರ ಕ್ರಿಯಾಟಿನಿನ್ ಮತ್ತು ಕ್ಯಾಲ್ಸಿಯಂ ನೋಡಿಸಿ. ಹಿಂದೆ ಮೂತ್ರಪಿಂಡದ ಕಲ್ಲು ಆಗಿದ್ದರೆ, ಕ್ಷಯದ ಚಿಕಿತ್ಸೆ ನಡೆದಿದ್ದರೆ, ಹೃದಯಕ್ಕೆಂದು ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಿ. ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಸುಲಭ. ನಿಮ್ಮ ಮಾತ್ರೆಗಳನ್ನೂ ಅದೇ ಭೇಟಿಯಲ್ಲಿ ತೋರಿಸಿ.